ಹರಾಜಿನ ಮನೆಯ ಪೊಳ್ಳು ಟೈಲು

ಆ ಮನೆಯ ನಡುಮನೆಯಲ್ಲಿ ಒಂದೇ ಒಂದು ಟೈಲು ಪೊಳ್ಳಾಗಿತ್ತು. ಅಡಿಯಲ್ಲಿ ಸಿಮೆಂಟು ಸರಿಯಾಗಿ ಕೂರದೆ, ಕಾಲಿಟ್ಟರೆ ‘ಡಬ್’ ಎನ್ನುತ್ತಿತ್ತು. ಬೇರೆ ಯಾರ ಮನೆಯಲ್ಲಾಗಿದ್ದರೂ ಅದೊಂದು ದೊಡ್ಡ ವಿಷಯವಲ್ಲ. ಆದರೆ ಆ ಮನೆಯಲ್ಲಿದ್ದವನು ಚನ್ನರಾಯಪಟ್ಟಣದಲ್ಲಿ ಹೆಸರು ಮಾಡಿದ ಟೈಲ್ಸ್ ಮೇಸ್ತ್ರಿ ಕನಕರಾಜು. ಮೂರು ವರ್ಷದಿಂದ ಅವನ ಹೆಂಡತಿ ವರ್ಷಾ ಕೇಳುತ್ತಲೇ ಇದ್ದಳು.

“ಊರೋರ ಮನೆ ನೆಲ ಎಲ್ಲಾ ಕನ್ನಡಿ ಮಾಡ್ಬತ್ತೀರ. ನಮ್ಮನೇಲಿ ಇದೊಂದ ಎತ್ತಿ ಕೂರ್ಸಕ್ಕೆ ಆಗಾಕಿಲ್ವಾ?”

ಕನಕರಾಜುವಿನ ಉತ್ತರವೂ ಮೂರು ವರ್ಷದಿಂದ ಒಂದೇ. “ಮನೆ ಓನರ್‌ದು. ಟೈಲು ಓನರ್‌ದು. ಪೊಳ್ಳೂ ಓನರ್‌ದೇ. ನಾನ್ಯಾಕೆ ಮಂಡಿ ಊರ್ಲಿ?”

ಓನರ್ ಅಂದರೆ ರಂಗಸ್ವಾಮಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೊಟ್ಟು ಕೊಟ್ಟು ಮುರಿಯುವ ಮಾತು. ಈ ಮನೆಯನ್ನು ಅವನು ಕನಕರಾಜುವಿಗೆ ಐದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದ. ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಅವಧಿ ಮುಗಿದ ಮೇಲೆ ಐದು ಲಕ್ಷವನ್ನೂ ವಾಪಸ್ಸು ತಗೊಂಡು ಹೋಗುವುದು. ಆ ಐದು ಲಕ್ಷ ಅಂದರೆ ಕನಕರಾಜು ಎಂಟು ವರ್ಷ ಕಂಡವರ ನೆಲದ ಮೇಲೆ ಮಂಡಿಯೂರಿ ಕೂಡಿಸಿದ್ದು. ಅವನ ಎರಡು ಮಂಡಿಯೂ ಒಂಟೆಯ ಮಂಡಿಯಂತೆ ಕಪ್ಪಾಗಿ ಗಡುಸಾಗಿದ್ದವು. ಆ ದುಡ್ಡು ಕೈಗೆ ಬಂದರೆ ಶಾಂತಿಗ್ರಾಮದ ಹತ್ತಿರ ಮೂವತ್ತು-ನಲವತ್ತರ ಸೈಟು. ಮುಂಗಡವನ್ನೂ ಕೊಟ್ಟಾಗಿತ್ತು.

ನಾಲ್ಕು ತಿಂಗಳ ಹಿಂದೆ ಅವಧಿ ಮುಗಿಯಿತು. ದುಡ್ಡು ಬರಲಿಲ್ಲ, ಅದರ ಬದಲು ಬ್ಯಾಂಕಿನ ನೋಟೀಸು ಬಂತು. ರಂಗಸ್ವಾಮಿ ಇದೇ ಮನೆಯನ್ನು ಒಂದು ಸಹಕಾರ ಬ್ಯಾಂಕಿಗೆ ಅಡ ಇಟ್ಟು, ಸಾಲ ಎತ್ತಿ, ಕಂತು ಕಟ್ಟದೆ ಕಣ್ಮರೆಯಾಗಿದ್ದ. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸೊಬ್ಬಳು ದಿನಾ ಅದೇ ಸಮಾಧಾನದಲ್ಲಿ ಹೇಳುತ್ತಿದ್ದಳು. ಬಾಗಿಲಿಗೆ ಅಂಟಿಸಿದ ನೋಟೀಸನ್ನು ಕನಕರಾಜು ನಾಲ್ಕು ಸಲ ಕಿತ್ತು ಬಿಸಾಕಿದ. ಐದನೆಯ ಸಲ ಬ್ಯಾಂಕಿನವರು ಎಂಥದೋ ಗಟ್ಟಿ ಗೋಂದು ತಂದರು. ಅದನ್ನು ಕೀಳಲು ಹೋದರೆ ಬಾಗಿಲಿನ ಬಣ್ಣವೇ ಕಿತ್ತು ಬಂತು.

ಬ್ಯಾಂಕಿಗೇ ಹೋಗಿ ಜಗಳ ತೆಗೆದ. ಮ್ಯಾನೇಜರು ಅವನ ಭೋಗ್ಯದ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. “ಇದು ರಿಜಿಸ್ಟರ್ ಆಗಿಲ್ಲಪ್ಪ. ಹರಾಜಾದ್ರೆ, ಕೊಂಡೋರಿಗೆ ನೀನು ಮನೆ ಬಿಟ್ಟುಕೊಡ್ಬೇಕು. ನಿನ್ನ ದುಡ್ಡು, ನೀನುಂಟು, ರಂಗಸ್ವಾಮಿ ಉಂಟು.”

ಅಂದರೆ ಮನೆ ರಂಗಸ್ವಾಮಿಯ ಹೆಸರಲ್ಲಿರುವ ತನಕ ಹಿಡಿದು ಕೂರಲು ಒಂದು ಜುಟ್ಟಾದರೂ ಇತ್ತು. ಮನೆ ಇನ್ನೊಬ್ಬನದಾದ ದಿನ ಐದು ಲಕ್ಷವೂ ಹೋಯಿತು, ತಲೆ ಮೇಲಿನ ಸೂರೂ ಹೋಯಿತು. ಹಿಂದೆ ಎರಡು ಸಲ ಹರಾಜು ಕೂಗಿದಾಗ ಬೆಲೆ ಜಾಸ್ತಿಯೆಂದು ಯಾರೂ ಬಂದಿರಲಿಲ್ಲ. ಈ ಸಲ ಮೂವತ್ತು ಲಕ್ಷದ ಮನೆಯನ್ನು ಹದಿನೆಂಟಕ್ಕೆ ಇಳಿಸಿದ್ದರು. ಇರುವೆಗೆ ಬೆಲ್ಲ ಇಟ್ಟಂಗೆ.

ಗುರುವಾರ ಹನ್ನೊಂದು ಗಂಟೆಗೆ ಮನೆ ಮುಂದೆಯೇ ಹರಾಜು. ಕನಕರಾಜು ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗೆ ಎಂಟಕ್ಕೇ ರಬ್ಬರ್ ಸುತ್ತಿಗೆ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕುಳಿತ.

“ಯಾವನ್ ಕೂಗ್ತಾನೋ ಕೂಗ್ಲಿ. ನಾನ್ ಈ ಮನೆ ಬುಟ್ಟು ಓಗಲ್ಲ. ನೋಡೇ ಬುಡಾನ!”

ಮೊದಲು ಬಂದವನು ಹಾಸನದ ಕಾಂತರಾಜು. ಸೈಟು ವ್ಯಾಪಾರದವನು. ಕಾರಿನಿಂದ ಮೊದಲು ಅವನ ಹೊಟ್ಟೆ ಇಳಿಯಿತು, ಆಮೇಲೆ ಅವನು. ವರ್ಷಾ ಆಗತಾನೆ ಒರೆಸಿದ್ದ ನೆಲದ ಮೇಲೆ ಬೂಟುಗಾಲಲ್ಲೇ ನಡೆದು, ಗೋಡೆಗಳನ್ನು ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ ತಟ್ಟಿ ತಟ್ಟಿ ನೋಡಿದ.

“ಈ ಗೋಡೆ ಒಡ್ದಾಕುದ್ರೆ ಎರಡು ಪೋರ್ಷನ್ ಆಯ್ತದೆ.”

“ಸಾ, ನಾನ್ ಖಾಲಿ ಮಾಡಲ್ಲ. ನನ್ ಐದು ಲಕ್ಷ ಬರ್ಬೇಕು,” ಅಂದ ಕನಕರಾಜು.

ಕಾಂತರಾಜು ನಕ್ಕ. “ನಿನ್ನಂತೋರ ನೂರ್ ಜನನ ನೋಡಿವ್ನಿ ಕಣಯ್ಯಾ. ಮೂರ್ ದಿನ ನೀರು ನಿಲ್ಸುದ್ರೆ ನೀನೇ ಬೀಗದ ಕೈ ತಂದ್ಕೊಟ್ಟು ಕಾಪಿ ಕುಡ್ಕಂಡ್ ಓಯ್ತೀಯ.”

ಕನಕರಾಜು ಸುತ್ತಿಗೆ ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಕಾಂತರಾಜುವಿನ ಬೂಟು ನಡುಮನೆಯ ಆ ಟೈಲಿನ ಮೇಲೆ ಬಿತ್ತು.

ಡಬ್.

ಕಾಂತರಾಜು ಕಾಲೆತ್ತಿದ. ಮತ್ತೆ ಇಟ್ಟ. ಡಬ್. “ಏನಯ್ಯಾ ಇದು ಕೆಳಗೆ?”

ಸಿಮೆಂಟು ಕಮ್ಮಿ ಅನ್ನಲು ಕನಕರಾಜು ಬಾಯಿ ತೆರೆದ. ಆದರೆ ಆ ನಗು ಇನ್ನೂ ಕಿವಿಯಲ್ಲಿತ್ತು. ಬಾಯಿಂದ ಬಂದದ್ದೇ ಬೇರೆ.

“ಕೇಳ್ಬ್ಯಾಡಿ ಸಾ.”

“ಯಾಕಯ್ಯಾ?”

“ನಾನು ಟೈಲ್ಸ್ ಮೇಸ್ತ್ರಿ. ಹನ್ನೊಂದು ವರ್ಷದಲ್ಲಿ ನಾನ್ ಕೂರ್ಸಿದ್ದು ಒಂದೇ ಒಂದು ಮೇಲೆದ್ದಿಲ್ಲ. ಯಾರ್ನಾದ್ರೂ ಕೇಳಿ. ಇದ್ನ ಏಳು ಸಾರಿ ಕೂರ್ಸಿವ್ನಿ. ಅಮಾಸೆ ಬತ್ತಿದ್ದಂಗೆ ಪೊಳ್ಳಾಯ್ತದೆ.”

“ಅದೆಂಗೆ ಪೊಳ್ಳಾಯ್ತದೆ?”

ಕನಕರಾಜು ದನಿ ತಗ್ಗಿಸಿದ. “ಕೆಳಗಿರೋದು ಉಸುರಾಡ್ಬೇಕಲ್ಲ ಸಾ.”

ಕಾಂತರಾಜುವಿನ ಕಾಲು ನೆಲ ಬಿಟ್ಟು ಕೊಕ್ಕರೆಯ ಕಾಲಿನಂತೆ ಗಾಳಿಯಲ್ಲಿ ನಿಂತಿತು. ಬಾಗಿಲಲ್ಲಿ ‘ಹಾ!’ ಎಂದು ಯಾರೋ ಎದೆ ಹಿಡಿದುಕೊಂಡ ಸದ್ದಾಯಿತು. ಪಕ್ಕದ ಮನೆಯ ಸುಬ್ಬಮ್ಮ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಈ ಮನೆಯ ಸುದ್ದಿ ಈ ಮನೆಯವರಿಗೆ ಗೊತ್ತಾಗುವ ಮೊದಲೇ ಸುಬ್ಬಮ್ಮನಿಗೆ ಗೊತ್ತಾಗುತ್ತಿತ್ತು. ಇದೊಂದು ಸುದ್ದಿ ಮೂರು ವರ್ಷ ತಪ್ಪಿಸಿಕೊಂಡಿತ್ತೆಂದು ಅವಳಿಗೆ ಭಯಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

“ಅದುಕ್ಕೇಯಾ!” ಅಂದಳು. “ಮೊನ್ನೆ ನಮ್ಮ ಕೋಳಿ ನಿಮ್ಮ ಬಾಗ್ಲುಗಂಟ ಬಂದು, ನಿಂತು, ನೋಡಿ, ವಾಪಸ್ ಓಯ್ತು. ನಾನಾಗ್ಲೇ ಅನ್ಕಂಡೆ ಕಣ್ಲಾ ಕನಕ. ಕೋಳಿಗೆ ಕಾಣ್ತದೆ!”

ಕಾಂತರಾಜು ಜೇಬಿನಿಂದ ಫೋನು ತೆಗೆದು, “ಅಮಾಸೆ ಯಾವತ್ತು?” ಅಂದ.

“ನಾಳೆ ಸಾ.”

ಯಾರೂ ಮಾಡದ ಫೋನಿಗೆ ಕಾಂತರಾಜು “ಆ, ಬಂದೆ ಬಂದೆ” ಎನ್ನುತ್ತಾ ಕಾರು ಹತ್ತಿದ. ಈ ಸಲ ಹೊಟ್ಟೆಯೂ ಅವನೂ ಒಟ್ಟಿಗೇ ಒಳಗೆ ಹೋದರು.

ಹೊಳೆನರಸೀಪುರದಿಂದ ಮೇಷ್ಟ್ರು ದಂಪತಿ ಬರುವ ಹೊತ್ತಿಗೆ ಸುಬ್ಬಮ್ಮ ಗೇಟಿನ ಹತ್ತಿರ ಅಂಗಡಿ ತೆರೆದಂತೆ ನಿಂತಿದ್ದಳು. ಬೆಳಗ್ಗೆ ಬರೀ ಉಸಿರಾಡುತ್ತಿದ್ದದ್ದಕ್ಕೆ ಹತ್ತು ಗಂಟೆಗೆ ಅವಳ ಕತೆಯಲ್ಲಿ ಕೂದಲು ಬಂದಿತ್ತು, ಕಾಲುಂಗುರ ಬಂದಿತ್ತು, ಮದುವೆಯಾಗಿ ಮೂರೇ ದಿನವಾಗಿತ್ತು. ಮೇಷ್ಟ್ರ ಹೆಂಡತಿ ಹೊಸಲು ದಾಟಲೇ ಇಲ್ಲ. ಮೇಷ್ಟ್ರು ಮಾತ್ರ ಕನ್ನಡಕ ಸರಿ ಮಾಡಿಕೊಂಡು ಒಳಗೆ ಬಂದರು.

“ಮೌಢ್ಯ! ಬೇರೇನೂ ಅಲ್ಲ. ಎಲ್ಲಿ, ತೋರಿಸಪ್ಪಾ.”

ಕನಕರಾಜು ಪಕ್ಕದ ಟೈಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಟಿಣ್. ಇದಕ್ಕೆ ತಟ್ಟಿದ. ಡಬ್.

“ಸಾಮಾನ್ಯ ವಿಜ್ಞಾನ,” ಎಂದು ಮೇಷ್ಟ್ರು ನೆಲಕ್ಕೆ ಮೊಣಕೈ ಊರಿ ಟೈಲಿಗೆ ಕಿವಿ ಇಟ್ಟರು. “ಒಳಗೆ ಗಾಳಿ ಇದೆ ಅಷ್ಟೆ. ನೋಡು, ಒಂಚೂರೂ ಸದ್ದಿಲ್ಲ…”

ಡಬ್. ಡಬ್. ಡಬ್.

ಸುಬ್ಬಮ್ಮ ಅಷ್ಟರಲ್ಲಿ ತನ್ನ ಮನೆಗೆ ಹೋಗಿ ಸಾರಿಗೆಂದು ಒರಳಲ್ಲಿ ಖಾರ ಕುಟ್ಟಲು ಕೂತಿದ್ದಳು. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆ ಕ್ಷಣಕ್ಕೆ ಕನಕರಾಜುವಿಗೂ ಹೊಳೆಯಲಿಲ್ಲ. ಅವನ ಮೈಮೇಲಿನ ಕೂದಲೂ ಎದ್ದು ನಿಂತಿತು. ಮೇಷ್ಟ್ರ ಕನ್ನಡಕ ಅಲ್ಲೇ ಉಳಿಯಿತು, ಮೇಷ್ಟ್ರು ಗೇಟಿನಾಚೆ ಇದ್ದರು. ಕನ್ನಡಕವನ್ನು ವರ್ಷಾ ಓಡಿ ಹೋಗಿ ಕೊಟ್ಟು ಬಂದಳು.

ಬಂದವಳು ಗಂಡನ ಪಕ್ಕ ನಿಂತು ಮೆಲ್ಲಗೆ ಅಂದಳು. “ರೀ. ದೆವ್ವ ಇಲ್ಲ ಅಂತ ನಂಗೊತ್ತು. ಆದ್ರೂ ಇಲ್ಲ ಅಂತ ಒಂದ್ ಸಾರಿ ಅನ್ನಿ.”

“ಇಲ್ಲ ಕಣೇ.”

“ಗಟ್ಟಿಯಾಗ್ ಅನ್ನಿ.”

“ಗಟ್ಟಿಯಾಗಂದ್ರೆ ಸುಬ್ಬಮ್ಮಕ್ಕಂಗೆ ಕೇಳುಸ್ತದೆ.”

ಮೂರನೆಯವನು ಅರಕಲಗೂಡಿನ ಬೈರಯ್ಯ. ಆಲೂಗಡ್ಡೆ ವ್ಯಾಪಾರಿ. ಸುಬ್ಬಮ್ಮ ಖಾರದ ಕೈಯಲ್ಲೇ ಓಡಿ ಬಂದು ಪೂರ್ತಿ ಕತೆ ಒಪ್ಪಿಸಿದಳು. ಬೈರಯ್ಯ ಎಲೆಅಡಿಕೆ ಜಗಿಯುತ್ತಾ ಕೊನೆಯವರೆಗೂ ಕೇಳಿ, ಚರಂಡಿಗೆ ಉಗಿದು ಬಂದ.

“ಒಳ್ಳೇದೇ ಆಯ್ತಲ್ಲವ್ವ. ನಾನೇನ್ ಸಂಸಾರ ಮಾಡಕ್ ಬಂದಿದ್ದೀನಾ? ಗೋಡೌನ್ ಮಾಡ್ತೀನಿ. ದೆವ್ವ ಇದ್ರೆ ಕಳ್ರು ಬರಾಕಿಲ್ಲ. ವಾಚ್‌ಮನ್ ಸಂಬಳ ಉಳೀತು.”

ಸುಬ್ಬಮ್ಮನ ಬಾಯಿ ಕಟ್ಟಿಹೋದದ್ದನ್ನು ಆ ಬೀದಿ ಅವತ್ತೇ ಮೊದಲು ನೋಡಿದ್ದು. ಬೈರಯ್ಯ ಟೈಲಿನ ಮೇಲೆ ನಿಂತು ಬೇಕಂತಲೇ ಎರಡು ಸಲ ಕುಣಿದ. ಡಬ್, ಡಬ್. “ಇದೇನಾ? ಇರ್ಲಿ ಬುಡು, ಜೊತೆಗೊಂದ್ ಜನ ಆಯ್ತು.”

ಕನಕರಾಜುವಿಗೆ ಶಾಂತಿಗ್ರಾಮದ ಸೈಟು ಕಣ್ಣ ಮುಂದೆಯೇ ಹೊಗೆಯಂತೆ ಕರಗತೊಡಗಿತು. ಆಗ ಅಡುಗೆಮನೆಯಿಂದ ವರ್ಷಾ ಬಂದಳು. ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಎರಡು ತಿಂಗಳಿಂದ ಸಿಂಕಿನ ಕೆಳಗೆ ಮರೆತು ಬಿಟ್ಟಿದ್ದ ಆಲೂಗಡ್ಡೆ. ಒಂದೊಂದರ ಮೈಯಿಂದಲೂ ಬೆರಳುದ್ದ ಮೊಳಕೆ ಹೊರಟಿತ್ತು, ಸಿಪ್ಪೆ ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟಿತ್ತು.

“ಅಣ್ಣಾ,” ಅಂದಳು ಸೆರಗು ಕಣ್ಣಿಗೆ ಒತ್ತಿಕೊಂಡು. “ನಿನ್ನೆ ಸಾಯಂಕಾಲ ತಂದಿದ್ದು.”

ಬೈರಯ್ಯನ ಜಗಿತ ನಿಂತಿತು. ಒಂದು ಗಡ್ಡೆ ಎತ್ತಿ, ಡಾಕ್ಟರು ನಾಡಿ ಹಿಡಿದಂತೆ ಹಿಚುಕಿ ನೋಡಿದ. ಮೂಸಿದ. ಮೊಳಕೆ ಮುರಿದು ನೋಡಿದ. ದೇವರನ್ನೂ ದೆವ್ವವನ್ನೂ ನಂಬದ ಮನುಷ್ಯ ಆಲೂಗಡ್ಡೆಯನ್ನು ನಂಬಿದ.

“ನಿನ್ನೇದಾ?”

“ಅಮಾಸೆ ಅತ್ರ ಬಂದ್ರೆ ಹಿಂಗೇಯ,” ಅಂದ ಕನಕರಾಜು, ಹೆಂಡತಿಯ ಮುಖವನ್ನು ಮದುವೆಯಾದ ಮೇಲೆ ಮೊದಲ ಸಲ ನೋಡುವವನಂತೆ ನೋಡುತ್ತಾ. “ಈರುಳ್ಳಿ ಅಂತೂ ತರದೇ ಬುಟ್ಬುಟ್ಟೋ ಸಾ.”

“ಥೂ! ವ್ಯಾಪಾರನೇ ಮುಳುಗಿಸ್ಬುಡ್ತದೆ ಇದು!” ಬೈರಯ್ಯ ಗಡ್ಡೆಯನ್ನು ಬುಟ್ಟಿಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿ ಒರೆಸಿ ಹೊರಟ.

ಹನ್ನೊಂದಕ್ಕೆ ಬ್ಯಾಂಕಿನ ಸೇಲ್ ಆಫೀಸರು ಬಂದರು. ಜೊತೆಗೆ ತಮಟೆಯ ಬೋರಪ್ಪ. ಬೀದಿ ತುಂಬ ಜನ. ಹರಾಜು ಕೂಗಲು ಬಂದವರು ಐದಾರು ಮಂದಿ, ದೆವ್ವ ನೋಡಲು ಬಂದವರು ಐವತ್ತರವತ್ತು. ಎಲ್ಲರ ಹಿಂದೆ, ಬೇವಿನ ಮರದಡಿ ಸ್ಕೂಟರ್ ನಿಲ್ಲಿಸಿಕೊಂಡು, ಹೆಲ್ಮೆಟ್ ತೆಗೆಯದೆ ಒಬ್ಬ ನಿಂತಿದ್ದ. ಸಾಲ ವಸೂಲಿಯವನಿರಬೇಕು ಅಂದುಕೊಂಡು ಕನಕರಾಜು ಅವನನ್ನು ದುರುಗುಟ್ಟಿ ನೋಡಿದ. ಹೆಲ್ಮೆಟ್ಟಿನವನು ಹೆಬ್ಬೆರಳು ಎತ್ತಿ ತೋರಿಸಿದ.

ಬೋರಪ್ಪ ತಮಟೆ ಬಡಿದ. ಹೊಸಲಿಗೆ ಹತ್ತು ಮಾರು ದೂರದಲ್ಲಿ ನಿಂತೇ ಬಡಿದ.

“ಬಾರಯ್ಯಾ ಮುಂದಕ್ಕೆ,” ಅಂದರು ಆಫೀಸರು.

“ಇಲ್ಲಿಂದ್ಲೇ ಕೇಳುಸ್ತದೆ ಸಾ. ಒಳಗಿರೋರ್ಗೂ ಕೇಳುಸ್ತದೆ.”

“ಹದಿನೆಂಟು ಲಕ್ಷ! ಸರ್ಕಾರಿ ಬೆಲೆಗಿಂತ ಕಮ್ಮಿ! ಹದಿನೆಂಟು ಲಕ್ಷ ಒಂದು ಸಾರಿ…” ಎಂದು ಆಫೀಸರು ಕೂಗಿದರು. ಯಾರೂ ತುಟಿ ಬಿಚ್ಚಲಿಲ್ಲ. ಸುಬ್ಬಮ್ಮನ ಕೋಳಿ ಗೇಟಿನವರೆಗೆ ಬಂದು, ತಲೆ ಓರೆ ಮಾಡಿ ನೋಡಿ, ವಾಪಸ್ಸು ಹೋಯಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

“ಏನ್ರೀ ಇದು, ಓದಿರೋರು ಬರ್ದಿರೋರು!” ಆಫೀಸರಿಗೆ ಸಿಟ್ಟು ಬಂತು. “ನೋಡಿ, ನಾನೇ ಒಳಗೋಗಿ ಬರ್ತೀನಿ!” ಎಂದು ಗಂಭೀರವಾಗಿ ಒಳನಡೆದರು. ‘ಡಬ್’ ಎಂದು ಬೀದಿಗೇ ಕೇಳಿಸಿತು. ಗಂಭೀರವಾಗಿ ಹೋದವರು ಹಾಗೆ ಬರಲಿಲ್ಲ. ಕೊಂಡವರಿಲ್ಲ ಎಂಬ ವರದಿಯನ್ನು ಬೇವಿನ ಮರದಡಿ ನಿಂತು, ಬೋರಪ್ಪನ ಬೆನ್ನ ಮೇಲೆ ಕಾಗದ ಇಟ್ಟು ಬರೆದರು. ಆಮೇಲೆ ಮ್ಯಾನೇಜರಿಗೆ ಫೋನು ಮಾಡಿದ್ದನ್ನು ಎಲ್ಲರೂ ಕೇಳಿದರು. “ಇನ್ನು ಹತ್ತು ವರ್ಷ ಕೂಗಿದ್ರೂ ಇದು ಹೋಗಲ್ಲ ಸಾರ್. ಬಂದಷ್ಟು ಬರ್ಲಿ ಅಂತ ಏನಾದ್ರೂ ಸೆಟ್ಲ್‌ಮೆಂಟ್ ಮಾಡ್ಕೊಂಡ್ಬಿಡಿ.”

ಹೆಲ್ಮೆಟ್ಟಿನವನು ಸ್ಕೂಟರ್ ಸ್ಟಾರ್ಟು ಮಾಡಿ ಹೊರಟುಹೋದ.

ಕನಕರಾಜು ಗೆದ್ದಿದ್ದ. ಮೆಟ್ಟಿಲ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗಿದ. “ಹನ್ನೊಂದು ವರ್ಷ ಮಂಡಿ ಊರಿವ್ನಿ ಕಣ್ರಪ್ಪಾ! ಇವತ್ತು ಎದ್ದು ನಿಂತಿವ್ನಿ! ಬ್ಯಾಂಕೂ ಇಲ್ಲ, ಬ್ರೋಕರೂ ಇಲ್ಲ! ನನ್ ಐದು ಲಕ್ಷ ಬರಗಂಟ ಈ ಹೊಸ್ಲು ಮುಟ್ಟೋನು ಹುಟ್ಟಿಲ್ಲ!” ವರ್ಷಾ ಕೇಸರಿಬಾತ್ ಮಾಡಿದಳು. ಬೀದಿಯವರೆಲ್ಲ ತಿಂದರು, ಆದರೆ ಯಾರೂ ಒಳಗೆ ಬರಲಿಲ್ಲ, ತಟ್ಟೆಯನ್ನು ಗೇಟಿನ ಮೇಲಿಂದಲೇ ಈಸಿಕೊಂಡರು.

ಸಂಜೆ ಐದಕ್ಕೆ ಅದೇ ಸ್ಕೂಟರ್ ಬಂತು. ಅದೇ ಹೆಲ್ಮೆಟ್ ಇಳಿಯಿತು. ಈ ಸಲ ಅದು ತಲೆಯಿಂದಲೂ ಇಳಿಯಿತು. ಒಳಗಿದ್ದವನು ರಂಗಸ್ವಾಮಿ. ಕೈಯಲ್ಲಿ ಒಂದು ಕೆಜಿ ಮೈಸೂರು ಪಾಕ್.

“ತಿನ್ಕಳಪ್ಪ ಕನಕ. ನೀನ್ ಮನುಷ್ಯ ಅಲ್ಲ, ದೇವ್ರು.”

ಕನಕರಾಜು ಅವನ ಇಸ್ತ್ರಿ ಅಂಗಿಯ ಕೊರಳಪಟ್ಟಿ ಹಿಡಿದ. “ಎಲ್ಲಿ ಓಗಿದ್ದೆ ಇಷ್ಟ್ ದಿನ? ನನ್ ದುಡ್ ಮಡಗು!”

“ಬುಡು, ಯೋಳ್ತೀನಿ ಬುಡು. ಸಾಲ ಬಡ್ಡಿ ಎಲ್ಲಾ ಸೇರಿ ಇಪ್ಪತ್ತೆರಡು ಲಕ್ಷ ಕೇಳ್ತಿದ್ರು. ನಾನು ಹನ್ನೆರಡು ತಕ್ಕಳಿ ಅಂದ್ರೆ ಬ್ಯಾಂಕಿಂದ ಆಚೆ ತಳ್ಸಿದ್ರು. ಇವತ್ತು ಮದ್ಯಾನ ಮ್ಯಾನೇಜರೇ ಫೋನ್ ಮಾಡಿ, ‘ಬನ್ನಿ ಸ್ವಾಮಿ, ಹನ್ನೆರಡೇ ಕೊಡಿ, ಆ ದೆವ್ವದ ಮನೆ ನೀವೇ ಇಟ್ಕೊಳಿ’ ಅಂದ್ರು. ಬಾಮೈದನ ಹತ್ರ ಇಟ್ಟಿದ್ ದುಡ್ಡ ತಂದು ಕಟ್ಬುಟ್ಟೆ. ಹತ್ತು ಲಕ್ಷ ಉಳಿಸ್ಕೊಟ್ಟೆ ಕಣಪ್ಪ ನೀನು!”

ಕನಕರಾಜು ಕೊರಳಪಟ್ಟಿ ಬಿಟ್ಟ. ಒಂದು ಗಳಿಗೆ ಅವನಿಗೆ ಖುಷಿಯೇ ಆಯಿತು. “ಹಂಗಾದ್ರೆ ಮನೆ ನಿಂದೇ ಆಯ್ತು. ಸಾಲ ತೀರ್ತು. ನನ್ ಭೋಗ್ಯನೂ ಮುಗೀತು. ಐದು ಲಕ್ಷ ಕೊಡು, ನಾಳೆನೇ ಖಾಲಿ ಮಾಡ್ತೀನಿ.”

“ಕೊಡಲ್ಲ ಅಂದ್ನಾ? ಆದ್ರೆ ಇದ್ದಿದ್ದ್ ಎಲ್ಲಾ ಬ್ಯಾಂಕಿಗ್ ಸುರ್ದು ಬಂದಿವ್ನಿ. ನೀನೇನ್ ಹೊಸಬ್ನಾ? ಎಲ್ಲಾ ಕಡೆ ಇರೋ ಪದ್ಧತಿನೇಯ. ನೀನ್ ಬಂದಾಗ ನಿನ್ ದುಡ್ನೇ ಅಲ್ವಾ ಹಿಂದಿದ್ದೋನ್ಗೆ ಕೊಟ್ ಕಳ್ಸಿದ್ದು? ಹೊಸಬ್ರು ಭೋಗ್ಯಕ್ಕೆ ಬರ್ಲಿ. ಅವ್ರು ಐದು ಲಕ್ಷ ಎಣ್ಸುದ್ ತಕ್ಷಣ ನಿನ್ ಕೈಗೆ ಹಾಕ್ತೀನಿ.”

“ಹೊಸಬ್ರು…” ಅಂದ ಕನಕರಾಜು.

“ಊಂ. ನೀನೇ ಯಾರ್ನಾದ್ರೂ ಹುಡುಕ್ಕಂಡ್ ಬಾ. ಎಷ್ಟ್ ಬೇಗ ಬತ್ತಾರೋ ಅಷ್ಟ್ ಬೇಗ ನಿನ್ ದುಡ್ಡು.”

ಬೀದಿ ನೋಡುತ್ತಿತ್ತು. ಕನಕರಾಜು ಬೀದಿಯನ್ನು ನೋಡಿದ. ಹಾಸನದಿಂದ ಅರಕಲಗೂಡಿನವರೆಗೆ ಮೂರು ತಾಲ್ಲೂಕಿಗೆ ಅವನೇ ಬೆಳಗ್ಗೆ ಕಾಗದ ಹಂಚಿದಂತೆ ಕತೆ ಹಂಚಿ ಕಳಿಸಿದ್ದ. ಇನ್ನು ಈ ಮನೆಗೆ ಭೋಗ್ಯಕ್ಕೆ ಬರುವವರು ಯಾರು? ಸೀದಾ ಒಳಗೆ ಹೋಗಿ ಉಳಿ, ಕಬ್ಬಿಣದ ಸುತ್ತಿಗೆ ತಂದ.

“ಬನ್ರೋ ಎಲ್ಲಾ! ಸುಬ್ಬಮ್ಮಕ್ಕ, ನೀನೂ ಬಾ! ಯಾವ ದೆವ್ವನೂ ಇಲ್ಲ! ನಾನೇ ಸುಳ್ ಯೋಳಿದ್ದು! ಬಂದ್ ನೋಡ್ರೋ!”

ಬಾಗಿಲಲ್ಲಿ, ಕಿಟಕಿಯಲ್ಲಿ ತಲೆಗಳು ತುಂಬಿದವು. ಕನಕರಾಜು ಉಳಿ ಇಟ್ಟು ಹೊಡೆದ. ಟೈಲು ನಾಲ್ಕು ಚೂರಾಯಿತು. ಕೆಳಗೆ ಒಂದು ಬೊಗಸೆ ಒಣ ಮರಳು, ಹಳೆಯ ಮೇಸ್ತ್ರಿ ಸೇದಿ ಬಿಸಾಕಿದ್ದ ಒಂದು ಮೋಟುಬೀಡಿ.

“ನೋಡಿ! ಏನೂ ಇಲ್ಲ! ಖಾಲಿ!”

ತಲೆಗಳೆಲ್ಲ ಒಟ್ಟಿಗೇ ಆ ಗುಂಡಿಯತ್ತ ಬಗ್ಗಿದವು. ಆಮೇಲೆ ಸುಬ್ಬಮ್ಮ ಎದೆ ಬಡಿದುಕೊಂಡಳು.

“ಅಯ್ಯೋ ಕನಕಾ! ಈಚೆಗ್ ಬುಟ್ಬುಟ್ಟಲ್ಲೋ ಅದ್ನ!”

ಬೀದಿ ಖಾಲಿಯಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸಾಲಾಗಿ ಬಾಗಿಲುಗಳ ಚಿಲಕ ಬಿದ್ದ ಸದ್ದು ಕೇಳಿಸಿತು. ರಂಗಸ್ವಾಮಿ ಮಾತ್ರ ನಿಂತಿದ್ದ. ಬಗ್ಗಿ ಟೈಲಿನ ಚೂರು ಎತ್ತಿ ನೋಡಿ, ಹೆಲ್ಮೆಟ್ ಹಾಕಿಕೊಂಡ.

“ಇದು ಈಗ ನನ್ ಮನೆ ಕಣಪ್ಪ. ಒಡ್ದಿದ್ನ ನೀನೇ ಸರಿ ಮಾಡ್ಕೊಡು. ಇಲ್ದಿದ್ರೆ ಭೋಗ್ಯದ ದುಡ್ಡಲ್ಲಿ ಹಿಡ್ಕತೀನಿ.”

ಮೂರು ವರ್ಷ ಮುಟ್ಟದ ಓನರ್ ಟೈಲಿಗೆ ಕನಕರಾಜು ತನ್ನ ಸಿಮೆಂಟು, ತನ್ನ ಮರಳು, ಬೇರೆ ಕೆಲಸದಲ್ಲಿ ಉಳಿದಿದ್ದ ತನ್ನದೇ ಟೈಲು ತಂದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಮಂಡಿಯೂರಿ ಕುಳಿತ. ವರ್ಷಾ ನೀರು ತಂದು ಕೊಟ್ಟಳು. ಅವನು ಟೈಲು ಕೂರಿಸಿ, ಮಟ್ಟ ನೋಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿದ.

ಟಿಣ್.

ಗೋಡೆಯಾಚೆಯಿಂದ ಸುಬ್ಬಮ್ಮನ ದನಿ ಬಂತು. “ಕನಕಾ… ಒಳಿಕ್ಕಾಕಿ ಮುಚ್ಬುಟ್ಯಾ ಮಗಾ?”

ಅವನು ಟೈಲಿನ ಅಂಚಿನ ಸಿಮೆಂಟು ಒರೆಸಿದ.

“ಗಟ್ಟಿಯಾಗ್ ಮುಚ್ಚಿದ್ರೆ ಅದಿನ್ನು ಈ ಮನೆ ಬುಟ್ಟು ಎಲ್ಲೂ ಓಗಾಕಿಲ್ಲ ಕಣಪ್ಪ!”

ಕನಕರಾಜು ಸುತ್ತಿಗೆ ಎತ್ತಿ ಅದೇ ಟೈಲಿಗೆ ಇನ್ನೊಂದು ಏಟು ಬಿಗಿದ.

“ನಾನೂ ಓಗಾಕಿಲ್ಲ ಕಣಕ್ಕೋ!”